ಹಳ್ಳದ ತನಕ ಬಂದ ಸಪ್ಪಳ

ಕಮಲಾಪುರದ ನಮ್ಮ ಮನೆಯ ಕಟ್ಟೆ ಈಗಲೂ ನನ್ನ ಕನಸಿಗೆ ಬರುತ್ತದೆ. ಬಂದಾಗಲೆಲ್ಲ ಅದರ ಮೇಲೆ ಇಬ್ಬರು ಹೆಂಗಸರು ಕೂತೇ ಇರುತ್ತಾರೆ. ಒಬ್ಬಳು ನಮ್ಮ ಆಯಿ, ಅಪ್ಪನ ತಾಯಿ, ಹಣೆ ತುಂಬ ವಿಭೂತಿ. ಇನ್ನೊಬ್ಬಳು ಕಲಬುರಗಿಯ ಮಿಷನ್ ದವಾಖಾನೆಯ ನರ್ಸಬಾಯಿ. ಬಸುರಿಯರನ್ನು ನೋಡಲು ಊರಿಗೆ ಬಂದರೆ ಆಕೆ ಇಳಿದುಕೊಳ್ಳುತ್ತಿದ್ದುದು ನಮ್ಮಲ್ಲೇ. ಮಧ್ಯಾಹ್ನ ಇಬ್ಬರೂ ಬೇಳೆ ಆರಿಸುತ್ತ ಒಬ್ಬರ ದೇವರನ್ನು ಒಬ್ಬರು ಛೇಡಿಸುತ್ತಿದ್ದರು. ನಾನು ನಡುವೆ ಮಲಗಿ ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ.

ನಿಜಾಮರ ರಾಜ್ಯದ ಕೊನೆಯ ಮಳೆಗಾಲ ಅದು. ಊರಲ್ಲಿ ಲೂಟಿ, ಗದ್ದಲದ ಮಾತು ದಿನಾ ಹೆಚ್ಚುತ್ತಿತ್ತು. ಮರುದಿನ ನಾವೆಲ್ಲ ಕಲಬುರಗಿಯ ಗಾಜಿಪುರದಲ್ಲಿದ್ದ ಸೋದರಮಾವನ ಮನೆಗೆ ಹೋಗುವುದೆಂದು ಗೊತ್ತಾಗಿತ್ತು. ಆವತ್ತು ಆಯಿ ನಮ್ಮೂರ ಸೀಮೆಯ ದೇವಿಯ ಕಥೆ ತೆಗೆದಳು. ದೇವಿ ಒಬ್ಬ ಒಕ್ಕಲಿಗನ ಭಕ್ತಿಗೆ ಮೆಚ್ಚಿ, ‘ನಿನ್ನ ಹಿಂದ ಬರ್ತೀನಿ, ತಿರುಗಿ ನೋಡಬ್ಯಾಡ’ ಅಂದಳಂತೆ. ಗೆಜ್ಜೆಯ ಸಪ್ಪಳ ಕೇಳುತ್ತ ಅವನು ನಡೆದ. ಹಳ್ಳದ ಉಸುಕಿನಲ್ಲಿ ಸಪ್ಪಳ ನಿಂತಿತು. ಗಾಬರಿಯಿಂದ ತಿರುಗಿದ. ದೇವಿ ನಿಂತಲ್ಲೇ ಕಲ್ಲಾದಳು.

ನರ್ಸಬಾಯಿ ಬೇಳೆ ಬಿಟ್ಟು ಕೂತಳು. "ನಮ್ಮ ಶಾಸ್ತ್ರದಾಗೂ ಹಿಂತಾದ ಒಂದು ಅದರೀ," ಅಂದಳು. ಪಾಪ ತುಂಬಿದ ಊರನ್ನು ದೇವರು ಬೆಂಕಿಯಿಂದ ಸುಡುವ ಮುಂಚೆ ಒಬ್ಬ ಒಳ್ಳೆಯವನ ಸಂಸಾರವನ್ನು ದೇವದೂತರು ಹೊರಗೆ ಕರೆತಂದರಂತೆ. ತಿರುಗಿ ನೋಡಬೇಡಿ ಅಂದಿದ್ದರಂತೆ. ಅವನ ಹೆಂಡತಿ ನೋಡಿದಳು. ಉಪ್ಪಿನ ಕಂಬವಾದಳು.

ಆಯಿಗೆ ಕಣ್ಣಲ್ಲಿ ನೀರೇ ಬಂತು. "ತನ್ನ ಮನಿ ಸುಡಾಕತ್ತಿದ್ರ ನೋಡದ ಹ್ಯಾಂಗ ಇರ್ತಾಳ್ರೀ ಬಾಯಿ? ನಿಮ್ಮ ದೇವರು ಭಾಳ ಸಿಟ್ಟಿನಾಂವ."

"ನಿಮ್ಮಾಕಿ ಏನು ಕಡಿಮಿ ಅದಾಳೇನು? ಅಷ್ಟು ದೂರ ಬಂದು ಹಳ್ಳದಾಗ ನಿಂತುಬಿಟ್ಟಳು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ದೊಡ್ಡವರ ಮಾತು ಒಂದಕ್ಕೊಂದು ತಾಳೆಯಾಗದಿದ್ದರೆ ನನಗೆ ಆಗಲೂ ತಲೆ ಕೆಡುತ್ತಿತ್ತು, ಈಗಲೂ ಕೆಡುತ್ತದೆ. ಎದ್ದು ಕೂತು ಕೇಳಿದೆ: "ತಿರುಗಿ ನೋಡಿದ್ರ ಯಾರಿಗೆ ಆಗ್ತದ? ನೋಡಿದೋರಿಗೋ, ಹಿಂದ ಬರೋರಿಗೋ?"

"ನಮ್ಮಲ್ಲಿ ನೋಡಿದೋರಿಗೆ," ಅಂದಳು ನರ್ಸಬಾಯಿ.

"ನಮ್ಮಲ್ಲಿ ಹಿಂದ ಬರೋರಿಗೆ," ಅಂದಳು ಆಯಿ. "ಈಗ ಸುಮ್ಕ ಮಲಕೋ."

ಮರುದಿನ ಬೆಳಕು ಹರಿಯುವಾಗ ಗಾಡಿ ಹೂಡಿದರು. ಅವ್ವ, ಆಯಿ, ನರ್ಸಬಾಯಿ, ನಾನು, ಗಾಡಿ ಹೊಡೆಯುವ ಮುದುಕ. ಅಪ್ಪ ಬರಲಿಲ್ಲ. ಎಮ್ಮೆ ಇವತ್ತೋ ನಾಳೆಯೋ ಈಯುವ ಹಾಗಿತ್ತು, ಅದನ್ನು ಬಿಟ್ಟು ಬರಲಾರೆ ಅಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ನನ್ನ ಮಡಿಲಲ್ಲಿ ನಮ್ಮೂರ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಇಟ್ಟು, "ಫಿಕರ್ ಮಾಡಬ್ಯಾಡ. ನಿಮ್ಮ ಹಿಂದ ಬರ್ತೀನಿ," ಅಂದ.

ದೇವಿಯೂ ಹಾಗೇ ಅಂದಿದ್ದಳು.

ಗಾಡಿ ಹೊರಟಿತು. ಮಂಜಿನಲ್ಲಿ ಜೋಳದ ಹೊಲಗಳು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತಿತ್ತೋ ತಿಳಿಯುತ್ತಿರಲಿಲ್ಲ. ಕೆಂಪು ಮಣ್ಣು ಮೆತ್ತಗಾಗಿ ಗಾಲಿಯ ಸದ್ದೇ ಇರಲಿಲ್ಲ. ಹಿಂದಿನಿಂದ ಅಪ್ಪನ ಹೊಸ ಚಪ್ಪಲಿಯ ಕಿರ್ ಕಿರ್ ಸಪ್ಪಳ ಮಾತ್ರ ಬರುತ್ತಿತ್ತು. ಹಳ್ಳದ ತನಕ ಕಳಿಸಿಕೊಡಲು ಅಪ್ಪ ಗಾಡಿಯ ಹಿಂದೆ ನಡೆದು ಬರುತ್ತಿದ್ದ.

"ನಿಮ್ಮಪ್ಪ ಬರಾಕತ್ತಾನ, ತಿರುಗಿ ಕೈಯರ ಬೀಸು," ಅಂದಳು ಆಯಿ. ಅವರಿಗೇನು, ಮೂವರೂ ಹಿಂದಕ್ಕೆ ಮುಖ ಮಾಡಿಯೇ ಕೂತಿದ್ದರು, ತಿರುಗುವ ಪ್ರಶ್ನೆಯೇ ಇರಲಿಲ್ಲ. ಎತ್ತುಗಳ ಕಡೆ ಮುಖ ಮಾಡಿ ಕೂತವಳು ನಾನೊಬ್ಬಳೇ. ನಾನು ಉಪ್ಪಾಗುವುದಾದರೆ ಆಗಲಿ, ಖರೆ ಹೇಳುತ್ತೇನೆ, ಅದಕ್ಕೆ ನಾನು ತಯಾರಿದ್ದೆ. ಆದರೆ ಆಯಿಯ ಮಾತೇ ಸರಿಯಿದ್ದರೆ? ಬಾಳೆಹಣ್ಣನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದೆ. ಹಳ್ಳದ ಉಸುಕಿಗೆ ಗಾಡಿ ಇಳಿಯಿತು. ಸಪ್ಪಳ ನಿಂತಿತು. ಅಪ್ಪ ನನ್ನ ಹೆಸರು ಹಿಡಿದು ಒಮ್ಮೆ ಕೂಗಿದ. ನಾನು ತಿರುಗಲಿಲ್ಲ. ನಡುದಾರಿಯ ಮಹಾಗಾಂವ ದಾಟುವ ತನಕ ಕಣ್ಣೇ ತೆರೆಯಲಿಲ್ಲ.

ಗಾಜಿಪುರದ ಮನೆಯಲ್ಲಿ ಆ ಹಣ್ಣನ್ನು ಯಾರಿಗೂ ಮುಟ್ಟಗೊಡಲಿಲ್ಲ. ಅದು ಕಪ್ಪಾಗಿ ಸೋರತೊಡಗಿದಾಗ ಅವ್ವ ಎತ್ತಿ ಬಿಸಾಡಿದಳು, ನಾನು ಅತ್ತು ಜ್ವರ ಬರಿಸಿಕೊಂಡೆ. ಅಪ್ಪ ಕಲ್ಲಾಗಿ ಹಳ್ಳದಲ್ಲಿ ನಿಂತಿರುವುದನ್ನು ಜ್ವರದಲ್ಲಿ ಎಷ್ಟು ಸಲ ನೋಡಿದೆನೋ. ಪೊಲೀಸ್ ಆ್ಯಕ್ಷನ್ ಆಯಿತು, ಫೌಜು ಬಂತು, ದಾರಿ ತೆರೆಯಿತು. ಒಂದು ಸಂಜೆ ಅಪ್ಪ ಕರುವನ್ನು ಗಾಡಿಯಲ್ಲಿ ಹಾಕಿಕೊಂಡು ಬಾಗಿಲಿಗೆ ಬಂದು ನಿಂತ. ಓಡಿ ಹೋಗಿ ಅವನ ಕಾಲು ತಬ್ಬಿಕೊಂಡೆ. ಅವನು ನನ್ನನ್ನು ಎತ್ತಿಕೊಂಡು ಎಲ್ಲರ ಮುಂದೆ ನಗುತ್ತ ಅಂದ: "ನನ್ನ ಮಗಳು ಕಲ್ಲೆದಿಯಾಕಿ. ಹಳ್ಳದ ತನಕ ನಡಕೋತ ಬಂದೆ, ಕೂಗಿದೆ, ಒಮ್ಮೆರ ತಿರುಗಿ ನೋಡಲಿಲ್ಲ."

ನಗುತ್ತಲೇ ಅಂದ, ಆದರೆ ಅವನಿಗೆ ನೊಂದಿತ್ತು. ನನ್ನ ಮದುವೆಯಲ್ಲೂ ಬೀಗರಿಗೆ ಅದನ್ನೇ ಹೇಳಿದ. ಯಾಕೆ ನೋಡಲಿಲ್ಲವೆಂದು ನಾನು ಯಾವತ್ತೂ ಬಾಯಿಬಿಡಲಿಲ್ಲ. ಮೊದಲು ನಗುತ್ತಾರೆಂಬ ಹೆದರಿಕೆ, ಆಮೇಲೆ ಬರೀ ಮೊಂಡುತನ. ಕಲಬುರಗಿಯಲ್ಲಿ ಓದುವಾಗ ಗ್ರೀಕರ ಪುರಾಣವೊಂದು ಸಿಕ್ಕಿತು. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುತ್ತಿದ್ದ ಹಾಡುಗಾರನೊಬ್ಬ ತಿರುಗಿ ನೋಡಿದ, ಹಿಂದೆ ಬರುತ್ತಿದ್ದವಳು ಮಾಯವಾದಳು. ಗ್ರೀಕರು ಆಯಿಯ ಪಕ್ಷ! ಹೇಳೋಣವೆಂದರೆ ಆಯಿ ಆಗಲೇ ಇರಲಿಲ್ಲ. ಇಷ್ಟು ದೇಶಗಳ ದೇವರಿಗೆ ಮನುಷ್ಯರು ತಿರುಗಿ ನೋಡುವುದೊಂದೇ ಯಾಕೆ ಸೇರುವುದಿಲ್ಲವೋ, ನನಗಂತೂ ತಿಳಿದಿಲ್ಲ.

ಅಪ್ಪನನ್ನು ಹಳ್ಳದ ಆಚೆಯ ನಮ್ಮ ಹೊಲದಲ್ಲೇ ಮಣ್ಣು ಮಾಡಿದರು. ಮಣ್ಣು ಮಾಡಿ ಬರುವವರು ತಿರುಗಿ ನೋಡಬಾರದು. ಹಿರಿಯರು ಅದನ್ನೇ ಹೇಳುತ್ತ ಎಲ್ಲರನ್ನೂ ಮುಂದೆ ಮಾಡಿ ಕರೆದೊಯ್ದರು. ಹಳ್ಳದ ಉಸುಕಿನಲ್ಲಿ ನನ್ನ ಕಾಲು ತಾನಾಗಿ ನಿಂತಿತು.

"ನಡೀ ಯವ್ವ, ಹಿಂದ ನೋಡಬಾರದು," ಅಂದರು ಯಾರೋ.

ನಾನು ತಿರುಗಿ ನೋಡಿದೆ. ಹಿಂದೆ ಯಾರೂ ಬರುತ್ತಿರಲಿಲ್ಲ.