ದೊಡ್ಡಮ್ಮನ ಫೋನಲ್ಲಿ ಹಿಡಿದ ಮದುವೆ ಲಿಂಕು

ತಡೀರಿ, ಎಲ್ಲೂ ಹೋಗ್ಬೇಡಿ, ಇದೊಂದನ್ನ ಕೇಳ್ಲೇಬೇಕು ನೀವು.

ಶಿಕಾರಿಪುರದ ನಮ್ಮನೇಲಿ ಕಂಪ್ಯೂಟರ್ ವಿಜ್ಞಾನಿ ಅಂದ್ರೆ ನಾನೇ. ಕಲಿಸಿದ ಗುರು ಯೂಟ್ಯೂಬು. ಫೋನಲ್ಲಿ ಲಿಂಕ್ ಒತ್ತಿದ್ರೆ ಸೀದಾ ಬ್ರೌಸರ್‌ಗೆ ನುಗ್ಗುತ್ತಲ್ಲ, ಅದಕ್ಕೆ ಮುಂಚೆನೇ ಹಿಡ್ಕೊಂಡು, ಪೂರ್ತಿ ವಿಳಾಸ ತೋರ್ಸಿ, ಬಿಡ್ಲಾ ಬೇಡ್ವಾ ಅಂತ ಕೇಳೋ ಸಣ್ಣ ಆ್ಯಪ್ ಒಂದಿದೆ. ಬ್ರೌಸರ್ ಬದಲು ಅದನ್ನೇ ಡಿಫಾಲ್ಟ್ ಮಾಡಿದ್ರಾಯ್ತು. ಸಿಕ್ಕ ನೆಂಟರ ಫೋನಿಗೆಲ್ಲ ಹಾಕ್ದೆ. ಯಾರೂ ಕೇಳಿರ್ಲಿಲ್ಲ, ಅದು ಬೇರೆ ವಿಷ್ಯ.

ಸೊರಬದ ದೊಡ್ಡಮ್ಮಂಗೆ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ. ಹಬ್ಬದ ಶುಭಾಶಯ ನೋಡೋಕೂ ಇದರ ಅಪ್ಪಣೆ ಬೇಕಾ ಅಂತ ನಂಗೆ ಮಂಗಳಾರತಿ.

ಹೋದ್ಸಲ ಅವರ ಮನೇಲಿದ್ದಾಗ, ಶಿರಾಳಕೊಪ್ಪದಲ್ಲಿರೋ ಅವರ ತಮ್ಮನ ನಂಬರಿಂದ ಮೆಸೇಜ್ ಬಂತು. ಮಗಳ ಮದುವೆ, ತಪ್ಪದೇ ಬನ್ನಿ, ಕೆಳಗೊಂದು ಲಿಂಕು. ಈ ತಮ್ಮ ವರ್ಷದ ಹಿಂದೆ ಹೊಸಮನೆ ಗೃಹಪ್ರವೇಶಕ್ಕೆ ಅಕ್ಕನ ಮನೆಗೆ ಬಂದು ಕುಂಕುಮ ಕೊಟ್ಟು ಕರೀದೆ, ವಾಟ್ಸಾಪಲ್ಲಿ ಕಾರ್ಡ್ ಕಳ್ಸಿದ್ರು. ಫೋನಲ್ಲಿ ಕರೆದ್ರೆ ಕರೆದಂಗಲ್ಲ ಅಂತ ದೊಡ್ಡಮ್ಮ ಹೋಗ್ಲಿಲ್ಲ. ಅವತ್ತಿಂದ ಅಕ್ಕ ತಮ್ಮ ಮಾತಿಲ್ಲ. ಅಂಥಾ ಶಾಸ್ತ್ರದ ದೊಡ್ಡಮ್ಮ ಈಗ ಕಣ್ಣೊರೆಸ್ಕೊಂಡು ಲಿಂಕ್ ಒತ್ತಿದ್ರು.

ಆ್ಯಪ್ ಹಿಡೀತು. ವಿಳಾಸ ನೋಡಿದ್ರೆ ಕೀಬೋರ್ಡ್ ಮೇಲೆ ಬೆಕ್ಕು ಓಡಾಡ್ದಂಗಿದೆ, ಕೊನೇಲಿ ಎಪಿಕೆ, ಅಂದ್ರೆ ಫೋನಿಗೆ ಆ್ಯಪ್ ಹಾಕೋ ಫೈಲು. ಲಗ್ನಪತ್ರಿಕೆ ಫೋನೊಳಗೆ ಇನ್‌ಸ್ಟಾಲ್ ಆಗ್ಬೇಕು ಅನ್ನೋದು ಯಾವ ಸಂಪ್ರದಾಯ ಸ್ವಾಮಿ? ಇದು ಕಳ್ರ ಕೆಲಸ, ಬೇಡ ಅಂದೆ.

"ವರ್ಷ ಆದ್ಮೇಲೆ ಕರ್ದಾನೆ ಕಣೋ. ನನ್ನ ತಮ್ಮನ್ನ ಬಾಗ್ಲಲ್ಲಿ ನಿಲ್ಸಿ ಯಾವೂರು ಅಂತ ಕೇಳ್ತೀಯಾ?" ಬೆರಳು ಆಗ್ಲೇ 'ತೆರೆ' ಅನ್ನೋದ್ರ ಹತ್ರ ಇತ್ತು.

ಫೋನ್ ಕಿತ್ಕೊಂಡು, ಹಂಗಾದ್ರೆ ಅವರನ್ನೇ ಕೇಳಿ ಅಂತ ಕಾಲ್ ಹಾಕಿ ಸ್ಪೀಕರ್ ಇಟ್ಟೆ. ಮದುವೆ ಯಾವತ್ತೋ ಅಂತ ದೊಡ್ಡಮ್ಮ ಕೇಳೇ ಬಿಟ್ರು.

"ಅಕ್ಕಾ, ನಾನೇನೂ ಕಳ್ಸಿಲ್ಲ. ಮಗಳಿನ್ನೂ ಓದ್ತಿದಾಳೆ. ನಿನ್ನ ಮತ್ತೆ ಫೋನಲ್ಲಿ ಕರೆಯೋ ಧೈರ್ಯ ಇದೆಯಾ ನಂಗೆ?"

ದೊಡ್ಡಮ್ಮ ನಕ್ರು. ಆ ತಮ್ಮನೂ ಯಾರ್ದೋ ಮದುವೆ ಲಿಂಕ್ ಒತ್ತಿದ್ರಂತೆ, ಅದು ಅವರ ಹೆಸ್ರಲ್ಲಿ ಊರಿಗೆಲ್ಲ ಹೋಗಿದೆ. ಆ ವಿಷ್ಯ ಅಲ್ಲಿಗೇ ಮುಗೀತು. ಆಮೇಲೆ ಮಂಡಿನೋವು, ಎಮ್ಮೆ, ಮಗಳ ಪರೀಕ್ಷೆ. ಚಾರ್ಜ್ ಖಾಲಿಯಾಗೋವರೆಗೂ ಮಾತು.

ಫೋನ್ ಉಳ್ಸಿದ ವಿಜ್ಞಾನಿಗೆ ಒಂದು ಲೋಟ ಕಾಫೀನೂ ಇಲ್ಲ. "ಯಾರೋ ಪುಣ್ಯಾತ್ಮ, ಕಳ್ಸಿದ್ದು ಒಳ್ಳೇದೇ ಆಯ್ತು" ಅಂತ ದೊಡ್ಡಮ್ಮ ಹೊಗಳಿದ್ದು ಆ ಕಳ್ಳನ್ನ.

ನಿಮ್ಮನೇಲಿ ಯಾವ ಲಿಂಕ್ ಹಿಡಿದ್ರಿ, ಯಾರ ಹತ್ರ ಬೈಸ್ಕೊಂಡ್ರಿ? ಬರೀರಿ, ನಾನೊಬ್ನೇ ಅಲ್ಲ ಅಂತಾದ್ರೂ ಗೊತ್ತಾಗ್ಲಿ.