ಒಬ್ಬಂಟಿಯಾಗಿ ಕರಗಿತಾ, ಜೊತೆ ಬೇಕಾಯ್ತಾ?

ಬೆಳಗಿನ ಐದೂಮುಕ್ಕಾಲು. ಶಾಲೆಯ ಹಿಂಬದಿಯಲ್ಲಿರುವ ಪ್ರಯೋಗಾಲಯದ ಬೀಗ ಎಲ್ಲರ ಕೈಗೂ ಒಲಿಯುವುದಿಲ್ಲ. ಅಟೆಂಡರಮ್ಮ ಕೀಲಿಯನ್ನು ಅರ್ಧ ತಿರುಗಿಸಿ, ಬಾಗಿಲನ್ನು ಮೊಣಕಾಲಿನಿಂದ ಒಮ್ಮೆ ಒತ್ತಿ, ಉಳಿದರ್ಧ ತಿರುಗಿಸುತ್ತಾರೆ. ಒಳಗೆ ಸ್ಪಿರಿಟ್ಟಿನ ವಾಸನೆ. ಮೂರು ಉದ್ದನೆಯ ಮೇಜು, ಒಡೆದ ಕಿಟಕಿಗೆ ಅಂಟಿಸಿದ ರಟ್ಟು, ಮೂಲೆಯಲ್ಲಿ ನೀರು ತುಂಬಿದ ಎರಡು ಬಕೆಟ್ಟು. ಅವರು ದೀಪ ಹಾಕಿದವರೇ ಮೊದಲು ಹೋಗುವುದು ತಕ್ಕಡಿಯ ಬಳಿಗೆ. ಹೊದಿಸಿದ ಬಟ್ಟೆ ತೆಗೆದು, ಎರಡೂ ತಟ್ಟೆಗಳನ್ನು ಒರೆಸಿ, ಮುಳ್ಳು ನಿಲ್ಲುವವರೆಗೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾರೆ. ತುಟಿ ಅಲುಗುತ್ತದೆ. ಏನು ಬೇಡಿಕೊಂಡರೆಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳುವುದಿಲ್ಲ.

‘ಮುಳ್ಳು ನಡುಮಧ್ಯ ನಿಂತಿದೆ. ಇನ್ನು ಯಾರು ಬೇಕಾದ್ರೂ ಬರ್ಲಿ’ ಎಂದು ಕಣ್ಣು ತೆರೆಯುತ್ತಾರೆ.

ಬರುವವರು ಯಾರೆಂಬುದು ಗೋಡೆಯ ಮೇಲಿನ ಕಾಗದದಲ್ಲಿದೆ. ಬೋಧಕರಲ್ಲದವರು ಶಾಲೆಯಲ್ಲಿ ಪಾಠ ಹೇಳಕೂಡದು. ಬೆಳಗಿನ ತರಗತಿ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಬುಧವಾರ ಏಳು ಗಂಟೆಗೆ ಅಧಿಕಾರಿಗಳು ಖುದ್ದಾಗಿ ನೋಡಿ ತೀರ್ಮಾನಿಸುತ್ತಾರೆ ಎಂದು ಅದರಲ್ಲಿ ಬರೆದಿದೆ. ಇವತ್ತೇ ಆ ಬುಧವಾರ.

ಅಟೆಂಡರಮ್ಮನಿಗೆ ಐವತ್ತಾರು ವರ್ಷ. ಓದಿದ್ದು ಏಳನೇ ತರಗತಿ. ಈ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ, ಪ್ರಯೋಗಕ್ಕೆ ಬೇಕಾದದ್ದನ್ನು ಜೋಡಿಸಿಡುವ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ನೂರಿಪ್ಪತ್ತು ಟೆಸ್ಟ್ ಟ್ಯೂಬು, ನಲವತ್ತು ಬೀಕರು, ಹದಿನಾಲ್ಕು ಬಕೆಟ್ಟು ನೀರು. ಆ ನೀರು ಅಂಗಳದ ನಲ್ಲಿಯಿಂದ ಬರಬೇಕು. ಒಳಗಿನ ನಲ್ಲಿ ಕೆಟ್ಟು ಆರು ವರ್ಷವಾಗಿದೆ. ಎಡಗೈಯ ಎರಡು ಬೆರಳಿನ ತುದಿಯಲ್ಲಿ ಚರ್ಮ ಬೇರೆ ಬಣ್ಣಕ್ಕೆ ತಿರುಗಿದೆ. ‘ಆಸಿಡ್ಡು. ಹೊಸದ್ರಲ್ಲಿ ಬಾಟ್ಲಿ ಮೇಲೆ ಬರ್ದಿದ್ದು ಓದ್ದೆ ಮುಟ್ಬಿಟ್ಟೆ. ಓದು ಎಷ್ಟು ಮುಖ್ಯ ಅಂತ ಅವತ್ತೇ ಗೊತ್ತಾಯ್ತು’ ಎಂದು ನಗುತ್ತಾರೆ.

ಇವು ಅವರ ಕೆಲಸದ ಪಟ್ಟಿಯಲ್ಲಿರುವ ಲೆಕ್ಕಗಳು. ಪಟ್ಟಿಯಲ್ಲಿಲ್ಲದ ಕೆಲಸವೊಂದಿದೆ. ಕಳೆದ ಹನ್ನೊಂದು ವರ್ಷಗಳಿಂದ, ವಿಜ್ಞಾನದಲ್ಲಿ ಹಿಂದೆ ಬಿದ್ದ ಹತ್ತನೆಯ ತರಗತಿಯ ಮಕ್ಕಳನ್ನು ಅವರು ಬೆಳಗಿನ ಆರರಿಂದ ಏಳೂವರೆಯವರೆಗೆ ಕೂರಿಸಿಕೊಂಡು ಮೊದಲ ಪಾಠಗಳನ್ನು ಮತ್ತೆ ಮಾಡಿಸುತ್ತಾರೆ. ಘನ, ದ್ರವ, ಅನಿಲ. ಕರಗುವುದು, ಕುದಿಯುವುದು, ಸೋಸುವುದು, ತೂಗುವುದು. ವಿಜ್ಞಾನದ ಮೇಷ್ಟ್ರು ಎರಡು ಶಾಲೆಗಳಿಗೆ ಒಬ್ಬರೇ. ಅವರ ಬಸ್ಸು ಬರುವುದು ಒಂಬತ್ತಕ್ಕೆ. ಬೆಳಗಿನ ಹೊತ್ತಿಗೆ ಅಟೆಂಡರಮ್ಮನನ್ನು ಬಿಟ್ಟರೆ ಬೇರೆ ಗತಿಯಿಲ್ಲ.

ಈ ವರ್ಷ ಇಪ್ಪತ್ತಮೂರು ಮಕ್ಕಳು. ಆರು ಗಂಟೆಗೆ ಇಪ್ಪತ್ತೆರಡು ಜನ ಬಂದು ಕೂತಿದ್ದಾರೆ. ಬಾರದವಳೊಬ್ಬಳೇ, ಹುಡುಗರು ‘ಲೇಟಮ್ಮ’ ಎಂದು ಕರೆಯುವ ಹುಡುಗಿ. ಅವಳ ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿ. ಚಿಕ್ಕ ತಂಗಿ ಎದ್ದ ಮೇಲೆ, ಅವಳನ್ನು ಪಕ್ಕದ ಮನೆಗೆ ಬಿಟ್ಟೇ ಇವಳು ಹೊರಡಬೇಕು.

ಮೇಜಿನ ಮೇಲೆ ಎರಡು ಬಟ್ಟಲು. ಒಂದರಲ್ಲಿ ಮೇಣದ ತುಂಡು, ಕೆಳಗೆ ಸ್ಪಿರಿಟ್ ದೀಪ. ಇನ್ನೊಂದರಲ್ಲಿ ನೀರು, ಪಕ್ಕದಲ್ಲಿ ಸಕ್ಕರೆ.

‘ಮೇಣ ಏನಾಯ್ತು?’

‘ಕರಗ್ತು.’

‘ಸಕ್ಕರೆ?’

‘ಅದೂ ಕರಗ್ತು.’

‘ಒಬ್ಬಂಟಿಯಾಗಿ ಕರಗಿತಾ, ಜೊತೆ ಬೇಕಾಯ್ತಾ?’

ಇದೇ ಅವರ ಇಡೀ ವಿದ್ಯೆ. ನಮ್ಮ ಮಾತಿನಲ್ಲಿ ಮೇಣವೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ಪುಸ್ತಕದಲ್ಲಿ ಮೊದಲನೆಯದು ದ್ರವನ, ಎರಡನೆಯದು ವಿಲೀನ. ಬಿಸಿ ತಾಗಿದರೆ ಸಾಕು, ಮೇಣ ತಾನೇ ದ್ರವವಾಗುತ್ತದೆ; ಸಕ್ಕರೆಗೆ ನೀರಿನ ಜೊತೆ ಬೇಕು. ಮನೆಯಲ್ಲಿ ಒಂದೇ ಮಾತು ಕೇಳಿ ಬೆಳೆದ ಮಗು ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಎಂದು ಬರೆದು ಬರುತ್ತದೆ.

‘ಅಮ್ಮಾ, ನಮ್ಮಪ್ಪನ ಹೊಟ್ಟೆ ಕರಗ್ಬೇಕು ಅಂತಾರೆ ಡಾಕ್ಟ್ರು. ಅದ್ಯಾವ್ದು?’ ಎಂದು ಹಿಂದಿನ ಬೆಂಚಿನ ಹುಡುಗ ಕೇಳುತ್ತಾನೆ.

‘ಅದು ಎರಡೂ ಅಲ್ಲ, ಓಡ್ಬೇಕು. ನಿಮ್ಮಪ್ಪಂಗೆ ನೀನೇ ಜೊತೆ ಹೋಗು.’

‘ಮನಸ್ಸು ಕರಗೋದು?’ ಎಂದು ಇನ್ನೊಬ್ಬಳು.

‘ಅದಕ್ಕೆ ಬಿಸೀನೂ ಬೇಕು, ಜೊತೇನೂ ಬೇಕು. ಪರೀಕ್ಷೇಲಿ ಕೇಳಲ್ಲ, ಬಿಡು.’

ಈ ಒಂದು ಪದದ ಹಿಂದೆ ಅವರ ಮನೆಯದೇ ನೋವಿದೆ. ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಶಾಲೆಯಲ್ಲಿ ಹತ್ತನೆಯ ತರಗತಿ. ‘ದ್ರವನಕ್ಕೆ ಒಂದು ಉದಾಹರಣೆ ಕೊಡಿ’ ಎಂಬ ಎರಡು ಅಂಕದ ಪ್ರಶ್ನೆಗೆ ಅವಳು ‘ಸಕ್ಕರೆ ನೀರಿನಲ್ಲಿ ಕರಗುವುದು’ ಎಂದು ಬರೆದಳು. ವಿಜ್ಞಾನದಲ್ಲಿ ಬಂದದ್ದು ಮೂವತ್ತಮೂರು, ಬೇಕಿದ್ದದ್ದು ಮೂವತ್ತೈದು. ಮತ್ತೆ ಬರೆಯೆಂದರೆ ಹುಡುಗಿ ಒಪ್ಪಲಿಲ್ಲ, ಹೊಲಿಗೆ ಅಂಗಡಿಗೆ ಸೇರಿಕೊಂಡಳು.

‘ದಿನಾ ಇಲ್ಲೇ ಇರ್ತಿದ್ದೆ. ಗೋಡೆ ಆಚೆ ಪಾಠ ಕೇಳಿಸ್ಕೊಂಡೇ ಬೀಕರು ತೊಳೀತಿದ್ದೆ. ನಂಗೆ ವ್ಯತ್ಯಾಸ ಗೊತ್ತಿತ್ತು. ಮಗಳಿಗೆ ಗೊತ್ತಿಲ್ಲ ಅಂತ ಗೊತ್ತಿರ್ಲಿಲ್ಲ’ ಎನ್ನುತ್ತಾರೆ. ಹೇಳುವಾಗ ಅವರ ಕೈಗಳು ಒರೆಸುವ ಬಟ್ಟೆಯನ್ನು ಮಡಿಸುತ್ತಾ, ಬಿಡಿಸುತ್ತಾ ಇರುತ್ತವೆ. ‘ಆಮೇಲೆ ಎಂಟು ವರ್ಷಕ್ಕೆ, ಆಗಿನ ಮೇಷ್ಟ್ರು ಇಲ್ಲೇ ಕೂತು ಪೇಪರ್ ತಿದ್ತಾ ಇದ್ರು. ಒಂದರ ಮೇಲೊಂದು ಅದೇ ತಪ್ಪು. ನಾನು ತಡೀಲಾರ್ದೆ, ಮೇಷ್ಟ್ರೇ, ಇದು ಮಕ್ಕಳ ತಪ್ಪಲ್ಲ, ಮಾತಿನ ತಪ್ಪು ಅಂದೆ. ಅವರು ಕನ್ನಡಕ ತೆಗ್ದು, ಹಾಗಾದ್ರೆ ನೀವೇ ಹೇಳ್ಕೊಡಿ ನೋಡೋಣ ಅಂದ್ರು. ಪುಣ್ಯಾತ್ಮರು, ಬೈದಿದ್ರೂ ಬೈಬಹುದಿತ್ತು.’

ಹನ್ನೊಂದು ವರ್ಷದಲ್ಲಿ ಇನ್ನೂರ ಅರವತ್ತು ಮಕ್ಕಳು ಈ ಬೆಂಚುಗಳಲ್ಲಿ ಕೂತು ಹೋಗಿದ್ದಾರೆ. ಇನ್ನೂರ ಮೂವತ್ತೊಂದು ಮಂದಿ ತೇರ್ಗಡೆಯಾಗಿದ್ದಾರೆ. ಉಳಿದ ಇಪ್ಪತ್ತೊಂಬತ್ತು ಮಕ್ಕಳು ಯಾವ ಯಾವ ಪಾಠದಲ್ಲಿ ಎಡವಿದರೆಂಬುದು ಅವರ ಬಾಯಲ್ಲೇ ಇದೆ.

ಈ ತರಗತಿ ನಿಂತುಹೋದರೆ?

‘ಬಾಟ್ಲಿ ತೊಳೀತೀನಿ. ಅದನ್ನಂತೂ ಯಾರೂ ನಿಲ್ಸಲ್ಲ’ ಎನ್ನುತ್ತಾರೆ. ಆಮೇಲೆ ‘ಈ ಇಪ್ಪತ್ತಮೂರರಲ್ಲಿ ಎಷ್ಟು ಜನ ಹೊಲಿಗೆ ಅಂಗಡಿಗೆ ಹೋಗ್ತಾರೋ’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಏಳಕ್ಕೆ ಅಧಿಕಾರಿ ಬರುತ್ತಾರೆ. ಜೊತೆಗೆ ಮುಖ್ಯೋಪಾಧ್ಯಾಯಿನಿ, ಹಿಂದೆ ಮೊದಲ ಬಸ್ಸು ಹಿಡಿದು ಬಂದ ವಿಜ್ಞಾನದ ಮೇಷ್ಟ್ರು. ‘ಇವತ್ತೊಂದು ದಿನ ನೀವು ತುಟಿಪಿಟಕ್ ಅನ್ನಬಾರದು. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ’ ಎಂದು ಮುಖ್ಯೋಪಾಧ್ಯಾಯಿನಿ ಅಟೆಂಡರಮ್ಮನ ಕಿವಿಯಲ್ಲಿ ಹೇಳುತ್ತಾರೆ. ಅಟೆಂಡರಮ್ಮ ಬಟ್ಟೆ ಹಿಡಿದುಕೊಂಡು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಾರೆ. ಅದೇ ಹೊತ್ತಿಗೆ ಬಾಗಿಲಲ್ಲಿ ಲೇಟಮ್ಮ. ಏದುಸಿರು, ಒಂದೇ ಕಡೆ ಬಾಚಿದ ತಲೆ.

‘ನೀನೇ ಬಾ ಇಲ್ಲಿ’ ಎನ್ನುತ್ತಾರೆ ಅಧಿಕಾರಿ.

ಹುಡುಗರ ಮುಖ ಬಿಳುಪೇರುತ್ತದೆ. ಕಳೆದ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಹನ್ನೊಂದು ಅಂಕ.

‘ಉಪ್ಪನ್ನು ನೀರಿಗೆ ಹಾಕಿದರೆ ಏನಾಗುತ್ತೆ?’

‘ಕರಗುತ್ತೆ ಸಾರ್.’

‘ಮಂಜುಗಡ್ಡೆಯನ್ನು ಹೊರಗಿಟ್ಟರೆ?’

‘ಕರಗುತ್ತೆ ಸಾರ್.’

‘ಹಾಗಾದರೆ ಎರಡೂ ಒಂದೇ ಅನ್ನು.’

ಲೇಟಮ್ಮ ತಿರುಗಿ ಹಿಂದಿನ ಗೋಡೆಯ ಕಡೆ ನೋಡುತ್ತಾಳೆ. ಉಳಿದ ಇಪ್ಪತ್ತೆರಡು ತಲೆಗಳೂ ಅತ್ತಲೇ ತಿರುಗುತ್ತವೆ. ಅಟೆಂಡರಮ್ಮ ನೆಲ ನೋಡುತ್ತಿದ್ದಾರೆ. ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಹನಿ ನೀರು ತೊಟ್ಟಿಕ್ಕುತ್ತಿದೆ.

‘ಅಲ್ಲ ಸಾರ್’ ಎನ್ನುತ್ತಾಳೆ ಹುಡುಗಿ, ನಿಧಾನವಾಗಿ. ‘ಮಂಜುಗಡ್ಡೆ ಒಬ್ಬಂಟಿಯಾಗಿ ಕರಗುತ್ತೆ. ಉಪ್ಪಿಗೆ ಜೊತೆ ಬೇಕು. ಒಬ್ಬಂಟಿಯಾದ್ರೆ ದ್ರವನ. ಜೊತೆ ಬೇಕಾದ್ರೆ ವಿಲೀನ.’

ಅಧಿಕಾರಿ ಅಷ್ಟಕ್ಕೆ ಬಿಡುವವರಲ್ಲ. ‘ಸರಿ, ನೀರಲ್ಲಿ ಹಾಕಿದ ಉಪ್ಪು ಕಾಣಿಸೋದೇ ಇಲ್ಲ. ಎಲ್ಲಿ ಹೋಯ್ತು?’

ಅವಳು ತಕ್ಕಡಿಯ ಬಳಿ ಹೋಗುತ್ತಾಳೆ. ನೀರು ತುಂಬಿದ ಲೋಟ ಇನ್ನೂರ ಹತ್ತು ಗ್ರಾಂ. ಕಾಗದದ ಮೇಲೆ ಹತ್ತು ಗ್ರಾಂ ಉಪ್ಪು ತೂಗಿ, ಲೋಟಕ್ಕೆ ಸುರಿದು, ಕಲಕಿ, ಕಡ್ಡಿಯನ್ನು ಲೋಟದ ಅಂಚಿಗೆ ಒತ್ತಿ ಕೊನೆಯ ಹನಿಯನ್ನೂ ಇಳಿಸುತ್ತಾಳೆ. ಉಪ್ಪು ಕಾಣುವುದಿಲ್ಲ. ಮತ್ತೆ ತೂಗುತ್ತಾಳೆ. ಇನ್ನೂರ ಇಪ್ಪತ್ತು ಬರಬೇಕು. ಬರುವುದು ಇನ್ನೂರ ಹತ್ತೊಂಬತ್ತು.

‘ಒಂದು ಗ್ರಾಂ ಕಡಿಮೆ’ ಎನ್ನುತ್ತಾರೆ ಅಧಿಕಾರಿ. ‘ಅಷ್ಟು ಇಲ್ಲವಾಗಿ ಹೋಯಿತೇ?’

ವಿಜ್ಞಾನದ ಮೇಷ್ಟ್ರು ಕೆಮ್ಮುತ್ತಾರೆ. ಲೇಟಮ್ಮ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಾಳೆ. ಮೇಜು ನೋಡುತ್ತಾಳೆ. ಆಮೇಲೆ ಉಪ್ಪು ತೂಗಿದ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾಳೆ. ಅದರ ಮಡಿಕೆಯಲ್ಲಿ ಒಂದು ಚಿಟಿಕೆ ಉಪ್ಪು ಕೂತಿದೆ. ಲೋಟದ ಮೇಲೆ ಕಾಗದ ಹಿಡಿದು ಬೆರಳಿನಿಂದ ತಟ್ಟಿ, ಎದುರಿನ ತಟ್ಟೆಗೆ ಇನ್ನೊಂದು ಗ್ರಾಂ ತೂಕ ಇಡುತ್ತಾಳೆ. ಮುಳ್ಳು ಆಚೆ ಈಚೆ ತೂಗಿ, ನಡುವೆ ಬಂದು ನಿಲ್ಲುತ್ತದೆ. ಇನ್ನೂರ ಇಪ್ಪತ್ತು.

‘ತೂಕ ಕಮ್ಮಿ ಬಂದ್ರೆ ಉಪ್ಪಿನ ಮೇಲೆ ಹೇಳ್ಬಾರ್ದು, ಕೈ ನೋಡ್ಕೋಬೇಕು ಸಾರ್. ಕಾಣ್ದೆ ಇದ್ರೂ ಇದೆ. ಎಲ್ಲೂ ಹೋಗಲ್ಲ.’

ಕಾಣದಿದ್ದರೂ ಇದೆ, ಎಲ್ಲೂ ಹೋಗುವುದಿಲ್ಲ. ಕಳೆದ ಕೆಲವು ತಿಂಗಳಿಂದ ಮನೆಯಲ್ಲಿ ಅಗಲಿದವರ ಕುರ್ಚಿಯೊಂದನ್ನು ಖಾಲಿಯಿಟ್ಟುಕೊಂಡು ಕೂತಿರುವ ನನಗೆ ಈ ಮಾತು ಬೇರೆಯಾಗಿಯೂ ಕೇಳಿಸುತ್ತದೆ. ದೇವರು ಒಮ್ಮೊಮ್ಮೆ ಯಾರ ಬಾಯಿಂದ ನುಡಿಸುತ್ತಾನೋ ಹೇಳಲಾಗದು. ಹುಡುಗಿಗೆ ಮಾತ್ರ ಅದು ಉಪ್ಪಿನ ಮಾತು. ಅವಳು ಲೋಟ ಇಳಿಸಿ ಕೈ ಒರೆಸಿಕೊಳ್ಳುತ್ತಾಳೆ.

‘ಒಬ್ಬಂಟಿ, ಜೊತೆ... ಇದು ಯಾವ ಪುಸ್ತಕದಲ್ಲಿದೆ?’ ಎಂದು ಅಧಿಕಾರಿ ಕೇಳುತ್ತಾರೆ. ಇಪ್ಪತ್ತಮೂರು ಬೆರಳು ಹಿಂದಿನ ಗೋಡೆಯನ್ನು ತೋರಿಸುತ್ತವೆ.

‘ಏನು ಓದಿದ್ದೀರಮ್ಮಾ?’

ಅಟೆಂಡರಮ್ಮ ಮುಖ್ಯೋಪಾಧ್ಯಾಯಿನಿಯನ್ನು ನೋಡುತ್ತಾರೆ. ಅವರು ‘ಮಾತಾಡಿ’ ಎಂದು ತಲೆಯಾಡಿಸಿದ ಮೇಲೆಯೇ ಬಾಯಿ ಬಿಡುತ್ತಾರೆ. ‘ಕಣ್ಣಲ್ಲಿ ಏಳನೇ ಕ್ಲಾಸು ಸಾರ್. ಕಿವೀಲಿ ಇಪ್ಪತ್ತಾರು ವರ್ಷ.’

ಅಧಿಕಾರಿ ನಗುವುದಿಲ್ಲ. ಕಿಟಕಿಯ ಬಳಿ ನಿಂತು ತಮ್ಮ ಪುಸ್ತಕದಲ್ಲಿ ಬಹಳ ಹೊತ್ತು ಬರೆಯುತ್ತಾರೆ. ಬರೆದದ್ದನ್ನು ಮುಖ್ಯೋಪಾಧ್ಯಾಯಿನಿ ಗಟ್ಟಿಯಾಗಿ ಓದುತ್ತಾರೆ: ತರಗತಿ ‘ಪ್ರಯೋಗ ಸಿದ್ಧತೆ’ ಎಂಬ ಹೆಸರಿನಲ್ಲಿ ಮುಂದುವರಿಯಲಿ. ಹಾಜರಿಗೆ ವಿಜ್ಞಾನ ಶಿಕ್ಷಕರು ಸಹಿ ಮಾಡಲಿ. ಪರೀಕ್ಷೆ ಬರೆಯಬೇಕಾದವರು ಯಾರು ಬೇಕಾದರೂ ಬಂದು ಕೂರಬಹುದು. ಅಟೆಂಡರಮ್ಮನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಇದು ನ್ಯಾಯವೇ ಎಂದು ಆಮೇಲೆ ನಾನು ಕೇಳಿದರೆ, ‘ಹೆಸರು ಇಟ್ಕೊಂಡು ಬೀಕರು ತೊಳೀಲಾ? ಮಕ್ಕಳು ಬಂದ್ರೆ ಸಾಕು’ ಎನ್ನುತ್ತಾರೆ.

ಏಳೂವರೆ. ಬಂದವರು ಹೋಗಿದ್ದಾರೆ, ಮಕ್ಕಳು ಅಂಗಳಕ್ಕೆ ಇಳಿದಿದ್ದಾರೆ. ಮಗಳು ಟಿಫಿನ್ ಡಬ್ಬ ಹಿಡಿದು ಬಾಗಿಲಿಗೆ ಬರುತ್ತಾಳೆ. ಮೂವತ್ತೈದರ ಹೆಂಗಸು, ಕುತ್ತಿಗೆಗೆ ಅಳತೆಯ ಟೇಪು. ಎರಡು ಬೀದಿಯಾಚೆ ಗಂಡ, ಇಬ್ಬರು ಮಕ್ಕಳೊಂದಿಗೆ ಸಂಸಾರ. ದಿನವೂ ಅಂಗಡಿಗೆ ಹೋಗುವ ದಾರಿಯಲ್ಲಿ ತಾಯಿಗೆ ತಿಂಡಿ ಕೊಟ್ಟು ಹೋಗುತ್ತಾಳೆ.

‘ನಿಮ್ಮಮ್ಮನ ಬಗ್ಗೆ ಪತ್ರಿಕೆಗೆ ಬರೀತಿದ್ದೀನಿ’ ಎನ್ನುತ್ತೇನೆ.

‘ಬರೀರಿ, ಬರೀರಿ. ನನ್ನನ್ನ ಫೇಲ್ ಮಾಡಿದ್ದು ಸಕ್ಕರೆ ಅಂತಾನೂ ಬರೀರಿ. ನಂಗೆ ಹೇಳ್ಕೊಡ್ದೇ ಇದ್ದೋಳು ಈಗ ಊರಿಗೆಲ್ಲ ಹೇಳ್ಕೊಡ್ತಾಳೆ.’

‘ನೀನು ಕೂತ್ಕೊಂಡು ಕೇಳಿದ್ಯಾ?’ ಎನ್ನುತ್ತಾರೆ ಅಟೆಂಡರಮ್ಮ.

‘ನೀನು ಕೂರ್ಸಿದ್ಯಾ?’

ಇಬ್ಬರೂ ನಗುತ್ತಾರೆ. ಆಮೇಲೆ ತಾಯಿ, ಬೀಕರು ತೊಳೆಯುತ್ತಲೇ, ತಿರುಗದೆ ಹೇಳುತ್ತಾರೆ: ‘ಬರೆಯೋರು ಯಾರು ಬೇಕಾದ್ರೂ ಬಂದು ಕೂರಬಹುದಂತೆ. ಆಫೀಸರು ಬರ್ದು ಹೋಗಿದ್ದಾರೆ.’

‘ನಂಗ್ಯಾಕೆ ಹೇಳ್ತಿದ್ದೀಯಾ?’

‘ಸುಮ್ನೆ ಹೇಳ್ದೆ. ನಂಗೆ ಬೇರೇನೂ ಆಸೆ ಇಲ್ಲ.’

ಮಗಳು ಡಬ್ಬ ಇಡಲು ಮೇಜಿನ ಮೇಲೆ ಜಾಗ ಹುಡುಕುತ್ತಾಳೆ. ಬೆಳಿಗ್ಗೆಯ ಮೇಣದ ಬಟ್ಟಲು ಅಲ್ಲೇ ಇದೆ; ಮೇಣ ತಣ್ಣಗಾಗಿ ಬಟ್ಟಲಿನ ಆಕಾರಕ್ಕೆ ಗಟ್ಟಿಯಾಗಿದೆ. ಅದನ್ನು ಎತ್ತಿ ಬೋರಲು ಮಾಡಿ ನೋಡುತ್ತಾಳೆ.

‘ಇದು ಕರಗಿತ್ತು, ಅಲ್ವಾ?’

‘ಹೂಂ.’

‘ಒಬ್ಬಂಟಿಯಾಗಿ. ದ್ರವನ.’ ಬಟ್ಟಲನ್ನು ತಾಯಿಯ ಮುಂದೆ ಚಾಚುತ್ತಾಳೆ. ‘ಆ ಎರಡು ಅಂಕ ಈಗ ಕೊಡು.’

ಅಟೆಂಡರಮ್ಮ ಒದ್ದೆ ಕೈ ಒರೆಸಿಕೊಂಡು, ಸೀಮೆಸುಣ್ಣ ತೆಗೆದುಕೊಂಡು, ಕಪ್ಪು ಮೇಜಿನ ಮೇಲೆ ‘೨’ ಎಂದು ಬರೆಯುತ್ತಾರೆ. ಸ್ವಲ್ಪ ನೋಡಿ, ಅದರ ಕೆಳಗೆ ಒಂದು ಗೆರೆಯನ್ನೂ ಎಳೆಯುತ್ತಾರೆ.

‘ನಾಳೆ ಆರಕ್ಕೆ ಬಾ. ಆ ಹುಡುಗಿ ಥರ ಲೇಟು ಮಾಡ್ಬೇಡ.’