ಯೋರಿಂದೆಯ ಕ್ಯಾಂಟೀನ್ ಸರದಿ

ಯೋರಿಂದೆಯನ್ನು ನಾನು ಮೊದಲು ಕಂಡಾಗ ಅವಳಿನ್ನೂ ಹಾಲುಹಲ್ಲಿನ ಹುಡುಗಿ. ಐಸೆಲ್ ನದಿಯ ದಂಡೆಯ ಮೇಲೆ ನಮ್ಮೂರ ಹಾಕಿ ಮೈದಾನ; ಅದರ ಕ್ಯಾಂಟೀನಿನಲ್ಲಿ ನಾನು. ನಮ್ಮ ಯಜಮಾನರಾದ ಬೇರೆಂಡ್ ತೀರಿಹೋದ ಮೇಲೆ ಮನೆಯ ಗೋಡೆ ನೋಡುತ್ತ ಕೂರಲಾರದೆ ಅಲ್ಲಿ ಸೇರಿಕೊಂಡಿದ್ದೆ. ಮಂಡಿ ತರಚಿಕೊಂಡು ಬಂದವಳು ಅಳಲಿಲ್ಲ. "ಅತ್ತೆ, ಐಸ್ ಕೊಡು, ಬೇಗ, ಆಟ ನಡೀತಿದೆ" ಎಂದಳು.

ಹದಿನೆಂಟಕ್ಕೇ ದೇಶದ ತಂಡ ಸೇರಿದಳು. ಬಸ್ ನಿಲ್ದಾಣದಲ್ಲೆಲ್ಲ ಅವಳ ಚಿತ್ರ. ಊರಿನ ಪುಟ್ಟ ಹುಡುಗಿಯರು ಅವಳ ಹಾಗೇ ಎಡಗಡೆ ಒಂದೇ ಜಡೆ ಹಾಕಿಸಿಕೊಳ್ಳುವರು. ಕೂದಲು ಸಾಲದವರು ಉಣ್ಣೆದಾರ ಸೇರಿಸಿ ಹೆಣೆಸಿಕೊಳ್ಳುವರು. ಆದರೆ ನಮ್ಮ ಕ್ಲಬ್ಬಿನಲ್ಲಿ ಆಡುವವರೆಲ್ಲ ಸರದಿಯಂತೆ ಕ್ಯಾಂಟೀನಿನಲ್ಲಿ ದುಡಿಯಲೇಬೇಕು. ಪದಕ ತಂದ ವಾರವೂ ಅವಳು ನನ್ನ ಪಕ್ಕ ನಿಂತು ಬ್ರೆಡ್ಡಿನ ನಡುವೆ ಚೀಸ್ ಇಟ್ಟು ಸುಟ್ಟಿದ್ದಾಳೆ.

ಆಮೇಲೊಂದು ವರ್ಷ ದೇಶದ ತಂಡದ ಫೈನಲ್ ಪಂದ್ಯ ಸಮನಾಯಿತು. ಅಂಥ ಹೊತ್ತಿನಲ್ಲಿ ಒಬ್ಬೊಬ್ಬರೇ ಚೆಂಡಿನೊಂದಿಗೆ ಓಡಿ, ಎಂಟು ಸೆಕೆಂಡಿನೊಳಗೆ ಗೋಲ್‌ಕೀಪರನ್ನು ದಾಟಿ ಹೊಡೆಯಬೇಕು. ಕೊನೆಯವಳು ಯೋರಿಂದೆ. ದಾಟಲಾಗಲಿಲ್ಲ. ಸೋತೆವು.

ಮುಂದಿನ ಶನಿವಾರವೇ ಅವಳ ಸರದಿ. ಹಿಂಬಾಗಿಲಿನಿಂದ ಬಂದು ಏಪ್ರನ್ ಕಟ್ಟಿಕೊಂಡಳು.

"ಡೀನಿ ಅತ್ತೆ, ನಾಳೆ ಕೋಚ್‌ಗೆ ಹೇಳಿಬಿಡ್ತೀನಿ. ಇನ್ನು ಆಡಲ್ಲ. ಇವರ ಮುಖ ಹೆಂಗೆ ನೋಡ್ಲಿ?"

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಅವಳು ಬರುವ ಮುಂಚೆಯೇ ಕ್ಲಬ್ಬಿನ ಅಧ್ಯಕ್ಷ ವೆಸೆಲ್ ಎಲ್ಲರಿಗೂ ತಾಕೀತು ಮಾಡಿದ್ದ: "ಹುಡುಗಿ ನೊಂದಿದ್ದಾಳೆ. ಫೈನಲ್ ಸುದ್ದಿ ಯಾರೂ ಎತ್ತಬೇಡಿ."

ಯಾರೂ ಎತ್ತಲಿಲ್ಲ. ಬಂದವರೆಲ್ಲ "ಗಾಳಿ ಜೋರಲ್ವಾ", "ಕಾಫಿ ಬಿಸಿಯಾಗಿದೆ" ಎಂದು ಲೋಟ ಹಿಡಿದು ಸರಿದುಹೋದರು. ಮಕ್ಕಳೂ ತುಟಿ ಕಚ್ಚಿಕೊಂಡು ನಿಂತವು. ಒಬ್ಬೊಬ್ಬರು ಸರಿದಂತೆಲ್ಲ ಅವಳ ಮುಖ ಚಿಕ್ಕದಾಯಿತು.

"ನೋಡಿದ್ಯಾ ಅತ್ತೆ? ಬೈಯೋಕೂ ನಾನು ಬೇಡ ಇವರಿಗೆ" ಎಂದಳು ಮೆಲ್ಲಗೆ.

ನನಗೆ ತಡೆಯಲಾಗಲಿಲ್ಲ. ಸೌಟು ಕುಕ್ಕಿದೆ. "ಅಲ್ಲ ಕಣೇ, ಬಲಗಡೆ ಅಷ್ಟು ಜಾಗ ಬಿದ್ದಿತ್ತು, ಎಡಕ್ಕೆ ಯಾಕೆ ಹೋದೆ? ಕಣ್ಣು ಎಲ್ಲಿಟ್ಟಿದ್ದೆ?"

ವೆಸೆಲ್‌ನ ಕಾಫಿ ಅವನ ಅಂಗಿಯ ಮೇಲೆ ಚೆಲ್ಲಿತು. ಆಮೇಲೆ ಕಟ್ಟೆ ಒಡೆದಂತಾಯಿತು.

"ಎಡಕ್ಕೇ ಸರಿ! ತಡವಾಗಿ ತಿರುಗಿದ್ಲು ಅಷ್ಟೆ" ಎಂದ ಬೇಕರಿಯ ಹೆಂಕ್.

"ತಿರುಗೋದರ ಬಗ್ಗೆ ನೀನು ಮಾತಾಡ್ಬೇಡ, ವಾರಕ್ಕೊಂದು ಸಲ ಸೈಕಲ್ ಸಮೇತ ಕಾಲುವೆಗೆ ಬೀಳೋನು!" ಎಂದಳು ಅವನ ಹೆಂಡತಿ.

ಉಣ್ಣೆಜಡೆಯ ಪುಟ್ಟಿಯೊಬ್ಬಳು ಕೌಂಟರಿನ ಮೇಲೆ ಗಲ್ಲ ಊರಿದಳು. "ಅಕ್ಕಾ, ನಾನು ತುಂಬಾ ಅತ್ತುಬಿಟ್ಟೆ. ಹೇಳೋಣ ಅಂದ್ರೆ ವೆಸೆಲ್ ತಾತ ಬಾಯಿ ಬಿಡಬೇಡ ಅಂದ್ರು."

ಯೋರಿಂದೆ ಅವಳನ್ನೇ ನೋಡಿದಳು, ಆಮೇಲೆ ವೆಸೆಲ್‌ನನ್ನು. ಕಣ್ಣು ತುಂಬಿತು, ನಗುವೂ ಬಂತು.

"ಎಡಕ್ಕೇ ಹೋಗಬೇಕಿತ್ತು ರೀ!" ಎಂದು ಸಾಸಿವೆ ಸೀಸೆಯನ್ನು ಗೋಲ್‌ಕೀಪರ್ ಮಾಡಿ ಇಟ್ಟಳು. "ಅವಳು ಕಾಲು ಹೀಗೆ ಚಾಚಿದ್ಲು. ಯಾರಿಗೂ ಅರ್ಥ ಆಗ್ತಿಲ್ವಾ? ಬನ್ನಿ ವೆಸೆಲ್, ಮೈದಾನದಲ್ಲಿ ತೋರಿಸ್ತೀನಿ. ನೀವೇ ಗೋಲ್‌ಕೀಪರ್."

"ಅಯ್ಯೋ, ನನ್ನ ಸೊಂಟ..."

"ಊರಿನ ಬಾಯಿಗೆ ಬೀಗ ಹಾಕುವಾಗ ಗಟ್ಟಿಯಾಗೇ ಇತ್ತಲ್ಲ ಸೊಂಟ!"

ಏಪ್ರನ್ನಿನಲ್ಲೇ ಓಡಿದಳು. ಮಕ್ಕಳೆಲ್ಲ ಹಿಂದೆ. ಎಷ್ಟು ಸಲ ತೋರಿಸಿದಳೋ, ಎಷ್ಟು ಸಲ ಚೆಂಡು ಒಳಗೆ ಹೋಯಿತೋ. ಪ್ರತಿ ಸಲವೂ ಕೂಗು ಅಡಿಗೆಮನೆಯವರೆಗೆ ಕೇಳುತ್ತಿತ್ತು. ನಾನೊಬ್ಬಳೇ ಕಾಫಿ ಬಗ್ಗಿಸಿದೆ.

ಸಂಜೆ ಕೆಂಪು ಕೆನ್ನೆ ಹೊತ್ತು ಬಂದವಳು, "ಅತ್ತೆ, ನಾನು ಹೊರಟೆ. ನಾಳೆ ಬೆಳಿಗ್ಗೆ ಅಭ್ಯಾಸ" ಎಂದಳು.

"ಪಾತ್ರೆ ಯಾರು ತೊಳೀತಾರೆ, ನಿಮ್ಮ ಕೋಚಾ?"

ಅಂಗಿತೋಳು ಮಡಚಿ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತಳು. ನಾನು ಒರೆಸುವ ಬಟ್ಟೆ ತೆಗೆದುಕೊಂಡೆ.